ಅಂಗಾಲಿನ ನಕ್ಷೆ ಎಲ್ಲಿಂದ ಬಂತು?

ಕಪಿಲೆಯ ದಂಡೆಯ ನಂಜನಗೂಡಿನಿಂದ ಹೊರಟು, ಆ ನದಿ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರವನ್ನು ದಾಟಿ, ಮರಳಿನ ತಲಕಾಡನ್ನು ಮುಟ್ಟುವವರೆಗಿನ ಸೀಮೆಯಲ್ಲಿ ಜನ ಶಿವನನ್ನು ವೈದ್ಯನೆಂದೇ ನಂಬಿ ನಡೆದುಕೊಂಡು ಬಂದಿದ್ದಾರೆ. ನಂಜನಗೂಡಿನಲ್ಲಿ ಅವನು ನಂಜುಂಡ, ಲೋಕದ ವಿಷವನ್ನು ತಾನು ಉಂಡವನು. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ಬೇನೆ ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತೆಂದೂ, ಸುಲ್ತಾನ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂದೂ ಐತಿಹ್ಯವಿದೆ. ತಲಕಾಡಿನಲ್ಲಿ ಅವನು ವೈದ್ಯನಾಥ, ಬೇಡರ ಕೊಡಲಿ ತಗುಲಿ ಆದ ಗಾಯಕ್ಕೆ ತಾನೇ ಮದ್ದು ಹೇಳಿಕೊಟ್ಟವನು. ದೇವರ ಹೆಸರಿನಲ್ಲೇ ವೈದ್ಯವಿರುವ ಈ ನೆಲದಲ್ಲಿ ಮನುಷ್ಯರ ವೈದ್ಯವೂ ಹಿಂದೆ ಬಿದ್ದಿಲ್ಲ. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಹುಟ್ಟಿತು. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ತೆರೆದರು. ಅಲ್ಲಿಯ ಹಲ್ಲುಪುಡಿ ಊರಿನ ಹೆಸರನ್ನೇ ಹೊತ್ತು ಕನ್ನಡನಾಡಿನ ಬಚ್ಚಲುಮನೆಗಳನ್ನು ಸೇರಿತು. ಇಂಥ ಸೀಮೆಯಲ್ಲಿ ಯಾರಾದರೂ ಅಂಗಾಲಿನ ಬಣ್ಣದ ಚಿತ್ರವೊಂದನ್ನು ಗೋಡೆಗೆ ತೂಗುಹಾಕಿ, ಹೆಬ್ಬೆರಳಲ್ಲಿ ಮಿದುಳು, ಎಡಗಾಲಿನಲ್ಲಿ ಹೃದಯ, ಬಲಗಾಲಿನಲ್ಲಿ ಪಿತ್ತಕೋಶ, ಹಿಮ್ಮಡಿಯಲ್ಲಿ ಸೊಂಟ ಎಂದು ತೋರಿಸಿದರೆ, ಇದೂ ನಮ್ಮ ಋಷಿಗಳದ್ದೇ ಇರಬೇಕು ಎಂದು ಮನಸ್ಸು ಸುಲಭವಾಗಿ ಒಪ್ಪಿಬಿಡುತ್ತದೆ. ಹಾಗೆ ಒಪ್ಪುವ ಮೊದಲು ಆ ಚಿತ್ರದ ಹುಟ್ಟನ್ನು ಕೇಳಬೇಕು ಎಂಬುದು ಇಂದಿನ ನನ್ನ ಮಾತು.

ರಿಫ್ಲೆಕ್ಸಾಲಜಿ ಎಂದು ಜಗತ್ತು ಕರೆಯುವ ಈ ವಿದ್ಯೆ ನಮ್ಮಲ್ಲಿ ಬಹುಮಟ್ಟಿಗೆ ಅಕ್ಯುಪ್ರೆಶರ್ ಎಂಬ ಹೆಸರಿನಲ್ಲಿ ಓಡಾಡುತ್ತದೆ. ಮುಳ್ಳುಮುಳ್ಳಾದ ಮರದ ಉರುಳೆ, ಗುಬುಟುಗಳ ಚಪ್ಪಲಿ, ಉದ್ಯಾನಗಳಲ್ಲಿ ಬೆಣಚುಕಲ್ಲು ಹಾಸಿದ ನಡಿಗೆಯ ದಾರಿ, ಇವೆಲ್ಲ ಅದರ ಸಂಸಾರ. ಇದರ ಜೊತೆಗೆ ಮಾತುಗಳೂ ಬಂದಿವೆ. ಮದುವೆಯಾದ ಹೆಣ್ಣು ಕಾಲುಂಗುರ ತೊಡುವುದು ಎರಡನೆಯ ಬೆರಳಿನ ನರ ಗರ್ಭಕೋಶಕ್ಕೆ ಹೋಗುವುದರಿಂದ; ದೇವಸ್ಥಾನದಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವುದು ಕಲ್ಲುಹಾಸು ಅಂಗಾಲಿನ ಬಿಂದುಗಳನ್ನು ಒತ್ತಲೆಂದು; ಲಕ್ಷ್ಮಿ ಶೇಷಶಾಯಿಯ ಕಾಲೊತ್ತುವುದು ಇದೇ ಚಿಕಿತ್ಸೆ; ವಿಷ್ಣುಪಾದದ ಪಟದಲ್ಲಿರುವ ಶಂಖ, ಚಕ್ರ, ಮೀನುಗಳು ಅಂಗಾಂಗಗಳ ಗುರುತು. ಹೇಳುವವರಲ್ಲಿ ಹೆಚ್ಚಿನವರದು ಒಳ್ಳೆಯ ಮನಸ್ಸೇ. ನಮ್ಮ ಆಚಾರಗಳಿಗೆ ಅರ್ಥವಿದೆ ಎಂದು ತೋರಿಸುವ ಆಸೆ ಅವರದು. ಆದರೆ ಕಾಲುಂಗುರ ಮುತ್ತೈದೆತನದ ಗುರುತಾಗಿ, ಬರಿಗಾಲು ದೇವರ ಮುಂದಿನ ವಿನಯವಾಗಿ, ಪಾದಸೇವೆ ಭಕ್ತಿಯಾಗಿ, ಪಾದದ ಮೇಲಿನ ಶಂಖಚಕ್ರಗಳು ಮಂಗಳಚಿಹ್ನೆಗಳಾಗಿ ತಮ್ಮಷ್ಟಕ್ಕೆ ಪೂರ್ಣವಾಗಿವೆ. ಅವುಗಳಿಗೆ ಹೊಸದೊಂದು ಅರ್ಥವನ್ನು ಅಂಟಿಸುವಾಗ ಆ ಅರ್ಥದ ವಯಸ್ಸೆಷ್ಟು ಎಂದು ಕೇಳುವುದು ಅಪಚಾರವಲ್ಲ.

ವಯಸ್ಸು ಬಹಳವಿಲ್ಲ, ಒಂದು ನೂರು ವರ್ಷದ ಆಚೀಚೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬ ಕಿವಿ, ಮೂಗು, ಗಂಟಲಿನ ವೈದ್ಯನಿದ್ದ. ಹುಟ್ಟಿದ್ದು 1872ರಲ್ಲಿ. ಕೈಬೆರಳು, ಮೂಗಿನ ಒಳಭಾಗ, ನಾಲಗೆ ಇಂಥ ಕಡೆ ಬಲವಾಗಿ ಒತ್ತಿದರೆ ದೇಹದ ಇನ್ನೊಂದು ಭಾಗದ ನೋವು ತಗ್ಗುತ್ತದೆಂದು ಅವನಿಗೆ ತೋರಿತು. ಅದರ ಮೇಲೆ ಅವನು ಇಡೀ ದೇಹವನ್ನು ನೆತ್ತಿಯಿಂದ ಬೆರಳತುದಿಗಳವರೆಗೆ ಹತ್ತು ಉದ್ದನೆಯ ಪಟ್ಟಿಗಳಾಗಿ ಸೀಳಿದ, ಒಂದೊಂದು ಬೆರಳಿಗೆ ಒಂದೊಂದು ಪಟ್ಟಿ. ಒಂದು ಪಟ್ಟಿಯ ಯಾವ ಜಾಗವನ್ನು ಒತ್ತಿದರೂ ಅದೇ ಪಟ್ಟಿಯ ಉಳಿದ ಭಾಗಕ್ಕೆ ಗುಣ ಎಂಬುದು ಅವನ ಸಿದ್ಧಾಂತ. ಒತ್ತಲು ಅವನು ಬಳಸಿದ್ದು ರಬ್ಬರ್ ಪಟ್ಟಿ, ಚಿಮಟ, ಲೋಹದ ಬಾಚಣಿಗೆ. ಎಡ್ವಿನ್ ಬೋವರ್ಸ್ ಎಂಬ ವೈದ್ಯ 1915ರಲ್ಲಿ ಜನಪ್ರಿಯ ಮಾಸಪತ್ರಿಕೆಯೊಂದರಲ್ಲಿ ಬರೆದು ಇದಕ್ಕೆ ಪ್ರಚಾರ ಕೊಟ್ಟ. 1917ರಲ್ಲಿ ಇಬ್ಬರೂ ಸೇರಿ ‘ಜೋನ್ ಥೆರಪಿ’ ಎಂಬ ಪುಸ್ತಕ ತಂದರು. ಗಮನಿಸಬೇಕಾದದ್ದೆಂದರೆ, ಇಲ್ಲಿಯವರೆಗೂ ಅಂಗಾಲಿಗೆ ವಿಶೇಷ ಸ್ಥಾನವಿಲ್ಲ. ಜೋ ಶೆಲ್ಬಿ ರೈಲಿ ಎಂಬ ವೈದ್ಯ ಉದ್ದನೆಯ ಪಟ್ಟಿಗಳಿಗೆ ಅಡ್ಡಗೆರೆಗಳನ್ನು ಸೇರಿಸಿದ. ಅವನ ಬಳಿ ಕೆಲಸಕ್ಕಿದ್ದ ಯೂನಿಸ್ ಇಂಗಮ್ ಎಂಬ ಹೆಣ್ಣುಮಗಳು 1930ರ ದಶಕದಲ್ಲಿ ರೋಗಿಗಳ ಕಾಲುಗಳನ್ನು ಒತ್ತುತ್ತ, ಎಲ್ಲಿ ಒತ್ತಿದರೆ ನೋವು, ಅವರಿಗಿರುವ ಕಾಯಿಲೆ ಯಾವುದು ಎಂದು ಹೊಂದಿಸುತ್ತ, ಇಡೀ ಮೈಯನ್ನು ಎರಡು ಪಾದಗಳ ಮೇಲೆ ಇಳಿಸಿದಳು. 1938ರಲ್ಲಿ ಅವಳ ಮೊದಲ ಪುಸ್ತಕ ಬಂತು. ಆ ಮೇಲೆ 1974ರಲ್ಲಿ ತೀರಿಕೊಳ್ಳುವವರೆಗೂ ಅವಳ ಬಾಳು ಇದಕ್ಕೇ ಮೀಸಲಾಯಿತು. ಊರೂರು ಸುತ್ತಿ ಕಲಿಸಿದಳು. ಅವಳ ಶಿಷ್ಯೆ ಡೋರೀನ್ ಬೇಲಿ 1960ರ ದಶಕದಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದಳು. ಇವತ್ತು ನಾವು ನೋಡುವ ಬಣ್ಣದ ಅಂಗಾಲು ಇಂಗಮ್ ಬರೆದ ಅಂಗಾಲಿನ ಸಂತತಿ. ಅವಳ ಶ್ರದ್ಧೆಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಕಾಯಿಲೆ ಯಾವುದೆಂದು ಮೊದಲೇ ತಿಳಿದು ನೋವಿನ ಜಾಗವನ್ನು ಹುಡುಕಿದರೆ ಹುಡುಕಿದ್ದು ಸಿಕ್ಕೇ ಸಿಗುತ್ತದೆ. ಯಾರ ಅಂಗಾಲನ್ನಾದರೂ ಗಟ್ಟಿಯಾಗಿ ಒತ್ತಿ ನೋಡಿ, ಎಲ್ಲೋ ಒಂದು ಕಡೆ ನೋಯದೆ ಇರುವುದಿಲ್ಲ.

ಇದಕ್ಕೆ ಸಾವಿರಾರು ವರ್ಷಗಳ ಹಿಂದಿನ ಸಾಕ್ಷಿಯಿದೆಯಲ್ಲ ಎಂದು ಕೇಳುವವರು ಈಜಿಪ್ಟಿನ ಸಕ್ಕಾರದ ಗೋರಿಯೊಂದನ್ನು ತೋರಿಸುತ್ತಾರೆ. ಕ್ರಿಸ್ತಪೂರ್ವ 2300ರ ಸುಮಾರಿನ ಆಂಖ್‌ಮಹೋರ್‌ನ ಗೋರಿಯ ಗೋಡೆಯಲ್ಲಿ ಕೆಲವರು ಇನ್ನು ಕೆಲವರ ಕೈಕಾಲುಗಳನ್ನು ಹಿಡಿದು ಏನೋ ಮಾಡುತ್ತಿರುವ ಉಬ್ಬುಚಿತ್ರವಿದೆ. ರಿಫ್ಲೆಕ್ಸಾಲಜಿಯ ಪುಸ್ತಕಗಳಲ್ಲೆಲ್ಲ ಅದರ ಪ್ರತಿ ಕಾಣುತ್ತದೆ. ಆದರೆ ಆಂಖ್‌ಮಹೋರ್ ವೈದ್ಯನಲ್ಲ, ರಾಜನ ಮಂತ್ರಿ. ಗೋಡೆಯ ಮೇಲೆ ಸುನ್ನತಿಯ ದೃಶ್ಯವೊಂದು ಇರುವುದರಿಂದ ಅದಕ್ಕೆ ವೈದ್ಯರ ಗೋರಿ ಎಂಬ ಹೆಸರು ಈಚೆಗೆ ಬಂತು. ಕೈಕಾಲಿನ ಉಗುರು ತೆಗೆದು ಚೊಕ್ಕಟ ಮಾಡುವುದು ಆ ಕಾಲದ ಅರಮನೆಯಲ್ಲಿ ದೊಡ್ಡ ಹುದ್ದೆ. ಅದೇ ಸಕ್ಕಾರದಲ್ಲಿ ಅರಸನ ಉಗುರುಗಾರರ ಮೇಲ್ವಿಚಾರಕರಾಗಿದ್ದ ಇಬ್ಬರಿಗಾಗಿ ಕಟ್ಟಿದ ಸೊಗಸಾದ ಗೋರಿಯೂ ಇದೆ. ಹೀಗಿರುವಾಗ ಆ ಚಿತ್ರವನ್ನು ಉಗುರಿನ ಆರೈಕೆ ಎಂದು ಓದುವುದೇ ನ್ಯಾಯ. ಚೀನಾದ ಮಾತೂ ಬರುತ್ತದೆ. ಅಲ್ಲಿಯ ಸೂಜಿಚಿಕಿತ್ಸೆ ನಿಜಕ್ಕೂ ಪ್ರಾಚೀನ. ಅದರ ನಾಳಗಳ ಮೇಲೆ ಎಣಿಸಿರುವ ಬಿಂದುಗಳು 361. ಆ 361ರಲ್ಲಿ ಅಂಗಾಲಿನ ಅಡಿಯಲ್ಲಿ ಬರುವುದು ಒಂದೇ ಒಂದು, ಮೂತ್ರಪಿಂಡದ ನಾಳದ ಮೊದಲ ಬಿಂದು. ಹಳೆಯ ಚೀನಾಕ್ಕೆ ಅಂಗಾಲೇ ದೇಹದ ಪಡಿಯಚ್ಚೆಂದು ಗೊತ್ತಿದ್ದರೆ ಅಲ್ಲಿ ಬಿಂದುಗಳು ಕಿಕ್ಕಿರಿದು ತುಂಬಿರಬೇಕಿತ್ತು.

ಇನ್ನು ನಮ್ಮ ಗ್ರಂಥಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ನಮ್ಮವರು ಪಾದದ ವಿಷಯದಲ್ಲಿ ಹೇಳಿರುವುದು ಬಹಳ ಸೊಗಸಾಗಿದೆ, ಅದನ್ನು ಯಾರೂ ಪೂರ್ತಿ ಓದಿ ಹೇಳುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯ ದಿನಚರಿಯನ್ನು ವಿವರಿಸುತ್ತದೆ. ಅಲ್ಲಿ ಪಾದಾಭ್ಯಂಗ, ಅಂದರೆ ಪಾದಕ್ಕೆ ಎಣ್ಣೆ ತಿಕ್ಕುವುದು ಬರುತ್ತದೆ. ಇದರಿಂದ ಪಾದದ ಒರಟುತನ, ಬಿಗಿತ, ಒಣಕಲು, ದಣಿವು, ಜೋಮು ತಗ್ಗುತ್ತವೆ, ಪಾದ ಮೆತ್ತಗಾಗಿ ಬಲ ಬರುತ್ತದೆ, ಹಿಮ್ಮಡಿ ಒಡೆಯುವುದಿಲ್ಲ, ಸೊಂಟದಿಂದ ಕಾಲಿಗೆ ಇಳಿಯುವ ಗೃಧ್ರಸಿ ಎಂಬ ವಾತ ಬರುವುದಿಲ್ಲ, ಕಣ್ಣು ತಿಳಿಯಾಗುತ್ತದೆ ಎಂಬುದು ಚರಕನ ಎಣಿಕೆ. ಇದರಲ್ಲಿ ಹೆಚ್ಚಿನದು ಪಾದಕ್ಕೆ ಸಂಬಂಧಿಸಿದ್ದೇ. ಯಕೃತ್ತಿಲ್ಲ, ಹೃದಯವಿಲ್ಲ, ಮೂತ್ರಪಿಂಡವಿಲ್ಲ. ದೂರದ ಅಂಗವೆಂದರೆ ಕಣ್ಣೊಂದೇ. ಆ ಕಣ್ಣಿನ ಮಾತನ್ನು ವಾಗ್ಭಟ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ, ನೇತ್ರರೋಗಗಳ ಪ್ರಕರಣದಲ್ಲಿ ಬೆಳೆಸುತ್ತಾನೆ. ಪಾದದ ನಡುವಿನಿಂದ ಎರಡು ದಪ್ಪ ಸಿರೆಗಳು ಹೊರಟು ಕವಲೊಡೆದು ಕಣ್ಣನ್ನು ಸೇರುತ್ತವೆ, ಪಾದಕ್ಕೆ ಹಚ್ಚಿದ ಲೇಪ, ತಿಕ್ಕಿದ ಎಣ್ಣೆ ಅವುಗಳ ಮೂಲಕ ಕಣ್ಣಿಗೆ ಮುಟ್ಟುತ್ತವೆ ಎನ್ನುತ್ತಾನೆ. ನಮ್ಮಲ್ಲಿ ರಿಫ್ಲೆಕ್ಸಾಲಜಿ ಇತ್ತೆನ್ನುವವರಿಗೆ ಇದು ಅತ್ಯಂತ ಬಲವಾದ ಆಧಾರ, ಅವರು ಇದನ್ನು ಉದಾಹರಿಸುವುದೂ ಉಂಟು. ಆದರೆ ಮರುಶ್ಲೋಕವನ್ನು ಬಿಟ್ಟುಬಿಡುತ್ತಾರೆ. ಕೊಳೆ, ಬಿಸಿ, ತಾಕುವಿಕೆ, ಒತ್ತುವಿಕೆ ಇವುಗಳಿಂದ ಆ ಸಿರೆಗಳು ಕೆಟ್ಟು ಕಣ್ಣನ್ನೂ ಕೆಡಿಸುತ್ತವೆ, ಆದ್ದರಿಂದ ದೃಷ್ಟಿಯ ಹಿತಕ್ಕೆ ಪಾದರಕ್ಷೆ ತೊಡಬೇಕು, ಎಣ್ಣೆ ಹಚ್ಚಬೇಕು, ಪಾದ ತೊಳೆದುಕೊಳ್ಳುತ್ತಿರಬೇಕು ಎಂದು ಅಲ್ಲಿದೆ. ಪಾದವನ್ನು ಒತ್ತಿ ಪೀಡಿಸುವುದು ವಾಗ್ಭಟನ ಪಟ್ಟಿಯಲ್ಲಿ ಮದ್ದಿನ ಕಡೆ ಇಲ್ಲ, ಕೆಡುಕಿನ ಕಡೆ ಇದೆ. ಬರಿಗಾಲಿನ ನಡಿಗೆಯ ವಿಷಯವೂ ಹಾಗೆಯೇ. ಚರಕ ಪಾದರಕ್ಷೆಯನ್ನು ಕಣ್ಣಿಗೆ ಹಿತ, ಪಾದಕ್ಕೆ ಕಾವಲು ಎಂದು ಹೊಗಳುತ್ತಾನೆ. ಸುಶ್ರುತನಂತೂ ಸದಾ ಬರಿಗಾಲಲ್ಲಿ ತಿರುಗುವುದು ಅನಾರೋಗ್ಯಕರ, ಆಯುಸ್ಸಿಗೂ ಕಣ್ಣಿಗೂ ಕೇಡು ಎಂದು ನೇರವಾಗಿ ಹೇಳಿದ್ದಾನೆ. ಬೆಣಚುಕಲ್ಲಿನ ದಾರಿಗೆ ಈ ಮೂವರಲ್ಲಿ ಒಬ್ಬರ ಸಮ್ಮತಿಯೂ ಸಿಗುವುದಿಲ್ಲ.

ಮರ್ಮಗಳಿವೆಯಲ್ಲ ಎಂದು ಇನ್ನೊಂದು ಪ್ರಶ್ನೆ. ಸುಶ್ರುತ 107 ಮರ್ಮಗಳನ್ನು ಎಣಿಸಿದ್ದಾನೆ, ಪಾದದಲ್ಲಿ ಕ್ಷಿಪ್ರ, ತಲಹೃದಯ, ಕೂರ್ಚ, ಕೂರ್ಚಶಿರ ಎಂಬುವು ಇರುವುದೂ ನಿಜ. ಆದರೆ ಸುಶ್ರುತ ಶಸ್ತ್ರವೈದ್ಯ. ಎಲ್ಲಿ ಪೆಟ್ಟು ಬಿದ್ದರೆ ಒಡನೆಯೇ ಸಾವು, ಎಲ್ಲಿ ಬಿದ್ದರೆ ಕಾಲಾಂತರದಲ್ಲಿ ಸಾವು, ಎಲ್ಲಿ ಬಿದ್ದರೆ ಊನ, ಎಲ್ಲಿ ಬಿದ್ದರೆ ಬರಿಯ ನೋವು ಎಂದು ಅವನು ವಿಂಗಡಿಸಿದ್ದು ಕತ್ತಿ ಹಿಡಿದ ಕೈ ಎಚ್ಚರದಿಂದಿರಲೆಂದು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಕ್ಷಿಪ್ರಕ್ಕೆ ಗಾಯವಾದರೆ ಸೆಳವು ಬಂದು ಸಾವು ಎನ್ನುತ್ತಾನೆ. ಕಾಲುಂಗುರದ ಬೆರಳಿನ ಪಕ್ಕದಲ್ಲೇ ಇರುವ ಈ ಮರ್ಮದ ವಿವರಣೆಯಲ್ಲಿ ಗರ್ಭಕೋಶದ ಸುದ್ದಿಯಿಲ್ಲ. ಮುಟ್ಟಬಾರದ ಜಾಗಗಳ ಪಟ್ಟಿಯನ್ನು ಒತ್ತಬೇಕಾದ ಜಾಗಗಳ ಪಟ್ಟಿಯಾಗಿ ತಿರುಗಿಸುವುದು ಸುಶ್ರುತನಿಗೆ ಮಾಡುವ ಗೌರವವಲ್ಲ.

ಹುಟ್ಟು ಹೊಸದಾದರೇನು, ಪರದೇಶದ್ದಾದರೇನು, ಕೆಲಸ ಮಾಡಿದರೆ ಸಾಕಲ್ಲವೇ? ಇದು ಸರಿಯಾದ ಆಕ್ಷೇಪ. ಸಿಡುಬಿನ ಲಸಿಕೆ ಹೊರಗಿನಿಂದಲೇ ಬಂತು, ನಮ್ಮನ್ನು ಕಾಪಾಡಿತು. ಆದ್ದರಿಂದ ನಕ್ಷೆಯನ್ನು ಅದರ ವಯಸ್ಸಿನಿಂದ ಅಳೆಯದೆ ಪರೀಕ್ಷೆಯಿಂದ ಅಳೆಯೋಣ. ಒಂದು ಅಂಗದ ನೋವು ಇನ್ನೊಂದೆಡೆ ಕಾಣಿಸುವುದು ಸುಳ್ಳಲ್ಲ. ಇಂಗ್ಲೆಂಡಿನ ಹೆನ್ರಿ ಹೆಡ್ 1893ರಲ್ಲೇ ಇದನ್ನು ಶ್ರಮಪಟ್ಟು ಗುರುತಿಸಿದ. ಹೃದಯದ ನೋವು ಎಡತೋಳಿಗೆ ಇಳಿಯುತ್ತದೆ, ಪಿತ್ತಕೋಶದ ನೋವು ಬಲಭುಜಕ್ಕೆ ಏರುತ್ತದೆ, ಏಕೆಂದರೆ ಆ ಎರಡು ಕಡೆಯ ನರಗಳು ಬೆನ್ನುಹುರಿಯ ಒಂದೇ ಮಟ್ಟವನ್ನು ಸೇರುತ್ತವೆ. ಅಂಗಾಲಿನ ಚರ್ಮಕ್ಕೆ ಬರುವ ನರಗಳು ಬೆನ್ನುಹುರಿಯ ಕೆಳತುದಿಯವು. ಹೃದಯಕ್ಕೂ ಯಕೃತ್ತಿಗೂ ಹೋಗುವವು ಎದೆಯ ಮಟ್ಟದವು. ನಕ್ಷೆ ಹೇಳುವಂತೆ ಅಂಗಾಲಿನ ಒಂದು ಚೂರಿನಿಂದ ಯಕೃತ್ತಿಗೆ ಹೋಗುವ ಪ್ರತ್ಯೇಕ ದಾರಿಯನ್ನು ಅಂಗರಚನಾಶಾಸ್ತ್ರ ಕಂಡಿಲ್ಲ. ದಾರಿ ಕಾಣದಿದ್ದರೂ ಫಲ ಕಾಣಬಹುದಿತ್ತು. 2000ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ ಅನುಭವಿಗಳಾದ ಇಬ್ಬರು ರಿಫ್ಲೆಕ್ಸಾಲಜಿಸ್ಟರಿಗೆ 18 ಜನರ ಪಾದಗಳನ್ನು ಕೊಟ್ಟು, ಅವರ ಕಾಯಿಲೆಗಳನ್ನು ಮಾತ್ರ ಮುಚ್ಚಿಟ್ಟರು. ಪಾದದಿಂದ ಕಾಯಿಲೆ ಗುರುತಿಸಲು ಅವರಿಗೆ ಆಗಲಿಲ್ಲ, ಅವರಿಬ್ಬರ ತೀರ್ಮಾನ ಒಂದಕ್ಕೊಂದು ತಾಳೆಯಾಗಲೂ ಇಲ್ಲ. 2009ರಲ್ಲಿ ಎಡ್ಜರ್ಡ್ ಅರ್ನ್ಸ್ಟ್ ಎಂಬ ಸಂಶೋಧಕ, ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪು ಮಾಡಿ ನಡೆಸಿದ 18 ಪ್ರಯೋಗಗಳನ್ನು ಒಟ್ಟಿಗೆ ತೂಗಿ, ಯಾವುದೇ ರೋಗಕ್ಕೆ ಇದು ಪರಿಣಾಮಕಾರಿ ಎಂದು ನಂಬುವಷ್ಟು ಆಧಾರವಿಲ್ಲ ಎಂದ. ಪ್ರಕೃತಿ ಚಿಕಿತ್ಸೆಗಳ ಪರಿಶೀಲನೆ ನಡೆಸಿದ ಆಸ್ಟ್ರೇಲಿಯಾ ಸರ್ಕಾರ 2019ರ ಏಪ್ರಿಲ್‌ನಿಂದ ಇದನ್ನು ಖಾಸಗಿ ಆರೋಗ್ಯ ವಿಮೆಯ ಪಟ್ಟಿಯಿಂದ ತೆಗೆಯಿತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಬೇರೆ ಬೇರೆ ಗುರುಗಳ ನಕ್ಷೆಗಳು ಒಂದೇ ಅಂಗವನ್ನು ಬೇರೆ ಬೇರೆ ಕಡೆ ತೋರಿಸುತ್ತವೆ, ಎಲ್ಲರ ಬಳಿಯೂ ಗುಣವಾದೆವೆನ್ನುವ ಜನ ಇದ್ದಾರೆ. ಹಾಗಿದ್ದರೆ ಗುಣ ಕೊಟ್ಟದ್ದು ನಕ್ಷೆಯಾಗಿರಲಾರದು.

ಗುಣವಾದವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳುತ್ತಿಲ್ಲ. ದಿನವಿಡೀ ಗದ್ದೆಯಲ್ಲಿ ನಾಟಿ ಹಾಕಿದವರ, ಕಾರ್ಖಾನೆಯ ಪಾಳಿಯಲ್ಲಿ ನಿಂತು ದುಡಿದವರ ಕಾಲನ್ನು ಇನ್ನೊಬ್ಬರು ಮಡಿಲಲ್ಲಿಟ್ಟುಕೊಂಡು ಅರ್ಧ ಗಂಟೆ ತಿಕ್ಕಿದರೆ ಮೈ ಹಗುರಾಗುತ್ತದೆ, ಉಸಿರು ನಿಧಾನವಾಗುತ್ತದೆ, ನಿದ್ದೆ ಬರುತ್ತದೆ. ನೋವಿದ್ದವರಿಗೆ ಅಷ್ಟು ಹೊತ್ತು ನೋವು ಮರೆಯುತ್ತದೆ. ತನ್ನ ಮಾತನ್ನು ಯಾರೋ ಕೇಳಿದರು, ತನ್ನ ಕಾಲನ್ನು ಯಾರೋ ಮುಟ್ಟಿದರು ಎಂಬ ಸಮಾಧಾನ ಅಲ್ಪವಾದದ್ದಲ್ಲ. ಆಸ್ಪತ್ರೆಯ ಸಾಲಿನಲ್ಲಿ ಹೊತ್ತು ಕಳೆದು ಎರಡು ನಿಮಿಷದಲ್ಲಿ ಚೀಟಿ ಪಡೆದು ಬಂದವರಿಗೆ ಅದರ ಬೆಲೆ ಗೊತ್ತು. ಇದು ಸ್ಪರ್ಶದ ಗುಣ. ಪಾದಾಭ್ಯಂಗದ ಹೆಸರಿನಲ್ಲಿ ನಮ್ಮವರು ಕಾಪಾಡಿಕೊಂಡು ಬಂದದ್ದೂ ಇದನ್ನೇ. ಅಜ್ಜಿ ಹರಳೆಣ್ಣೆ ಬೆಚ್ಚಗೆ ಮಾಡಿ ಮೊಮ್ಮಗುವಿನ ಅಂಗಾಲಿಗೆ ಹಚ್ಚಲು ಯಾವ ನಕ್ಷೆಯನ್ನೂ ನೋಡಲಿಲ್ಲ. ಒತ್ತಿದ ಜಾಗ ಮೂತ್ರಪಿಂಡದ್ದೋ ಶ್ವಾಸಕೋಶದ್ದೋ ಎಂಬ ಹಂಗಿಲ್ಲದೆ ಆ ಸುಖ ಪೂರ್ತಿಯಾಗಿ ಸಿಗುತ್ತದೆ.

ಗುಣವಾಗದಿದ್ದರೂ ಕೆಡುಕಂತೂ ಇಲ್ಲವಲ್ಲ ಎನ್ನುವ ಮಾತಿಗೆ ಮಾತ್ರ ನಾನು ಬಲವಾಗಿ ಎದುರು ನಿಲ್ಲಬೇಕಾಗಿದೆ. ಸಕ್ಕರೆ ಕಾಯಿಲೆ ಈಗ ಪೇಟೆಯವರ ಕಾಯಿಲೆಯಾಗಿ ಉಳಿದಿಲ್ಲ, ಕಬ್ಬು ಭತ್ತ ಬೆಳೆಯುವ ನಮ್ಮ ಹಳ್ಳಿಗಳಲ್ಲೂ ಇದೆ. ವರ್ಷಗಟ್ಟಲೆ ಸಕ್ಕರೆ ಹತೋಟಿ ತಪ್ಪಿದರೆ ಪಾದದ ನರಗಳು ಸಾಯುತ್ತವೆ. ಮೊದಲು ಉರಿ, ಆಮೇಲೆ ಜೋಮು, ಕೊನೆಗೆ ಏನೂ ತಿಳಿಯದ ಸ್ಥಿತಿ. ಇಂಥ ಕಾಲಿಗೆ ಒತ್ತಡ ಏನು ಮಾಡುತ್ತದೆ ಎಂಬುದನ್ನು ಜಗತ್ತು ಕಲಿತದ್ದು ನಮ್ಮ ನೆರೆಯ ವೇಲೂರಿನಲ್ಲಿ. 1946ರಲ್ಲಿ ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯ ಕುಷ್ಠರೋಗಿಗಳ ಕಾಲುಗಳನ್ನು ವರ್ಷಗಳ ಕಾಲ ಗಮನಿಸಿದರು. ರೋಗವೇ ಮಾಂಸವನ್ನು ಕೊಳೆಸುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ನೋವು ತಿಳಿಯದ ಪಾದದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಹುಣ್ಣಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಆ ತಿಳಿವಿನಿಂದ ಹುಟ್ಟಿದ್ದೇ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ. ಅಂಗಾಲಿನ ಮೇಲಿನ ಒತ್ತಡವನ್ನು ಹಂಚಿ ತಗ್ಗಿಸುವ ಆ ಚಪ್ಪಲಿಯನ್ನು ಇಂದಿಗೂ ಕುಷ್ಠ ಮತ್ತು ಸಕ್ಕರೆ ಕಾಯಿಲೆಯ ರೋಗಿಗಳಿಗೆ ಕೊಡುತ್ತಾರೆ. ಗುಬುಟಿನ ಚಪ್ಪಲಿ ಮಾಡುವುದು ಇದಕ್ಕೆ ಸರಿಯಾಗಿ ತದ್ವಿರುದ್ಧ, ಒತ್ತಡವನ್ನು ಒಂದೊಂದು ಬಿಂದುವಿಗೆ ಕೂಡಿಸುವುದು. ಕಾಲು ಜೋಮು ಹಿಡಿದಿದೆ ಎಂದು ಮುಳ್ಳುರುಳೆಯನ್ನು ಕೊಳ್ಳುವವರಲ್ಲಿ ಸಕ್ಕರೆ ಕಾಯಿಲೆಯವರೇ ಬಹಳ ಇರಬಹುದು, ಏಕೆಂದರೆ ಜೋಮು ಅವರ ಲಕ್ಷಣ. ಚರಕ ಜೋಮಿಗೆ ಹೇಳಿದ್ದು ಎಣ್ಣೆ, ಮುಳ್ಳಲ್ಲ. ಎಡಗಾಲಿನ ಹೃದಯದ ಬಿಂದುವನ್ನು ಒತ್ತುತ್ತ ಕುಳಿತು ಎದೆನೋವಿಗೆ ಆಸ್ಪತ್ರೆ ಸೇರುವ ಹೊತ್ತನ್ನು ಕಳೆದುಕೊಳ್ಳುವ ಅಪಾಯವನ್ನಂತೂ ಬಿಡಿಸಿ ಹೇಳಬೇಕಿಲ್ಲ.

ಕೊನೆಯ ಆಕ್ಷೇಪ, ಹೀಗೆಲ್ಲ ಕೆದಕಿದರೆ ನಂಬಿಕೆಗೆ ಪೆಟ್ಟಲ್ಲವೇ ಎಂಬುದು. ಚರಕ ಚಿಕಿತ್ಸೆಯನ್ನು ಮೂರು ಬಗೆ ಮಾಡಿದ್ದಾನೆ. ಹರಕೆ, ಜಪ, ಯಾತ್ರೆಗಳದ್ದು ದೈವವ್ಯಪಾಶ್ರಯ. ಔಷಧ, ಪಥ್ಯಗಳನ್ನು ಯೋಚಿಸಿ ಕೂಡಿಸುವುದು ಯುಕ್ತಿವ್ಯಪಾಶ್ರಯ. ಮನಸ್ಸನ್ನು ಕೆಡುಕಿನಿಂದ ಹಿಡಿದು ನಿಲ್ಲಿಸುವುದು ಸತ್ತ್ವಾವಜಯ. ನಂಜನಗೂಡಿನ ಜನಕ್ಕೆ ಈ ಭೇದ ಪುಸ್ತಕವಿಲ್ಲದೆಯೂ ಗೊತ್ತು. ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡಿದವರು ಮಾತ್ರೆಯನ್ನೂ ನುಂಗುತ್ತಾರೆ. ಎರಡೂ ಬೇಕೆನಿಸಿದರೂ ಒಂದನ್ನು ಇನ್ನೊಂದೆಂದು ಭ್ರಮಿಸುವುದಿಲ್ಲ. ಉರುಳುಸೇವೆಗೆ ಯಾರೂ ಪ್ರಯೋಗಶಾಲೆಯ ಪುರಾವೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ, ಏಕೆಂದರೆ ಅದು ತನ್ನನ್ನು ಔಷಧವೆಂದು ಕರೆದುಕೊಳ್ಳುವುದಿಲ್ಲ. ಅಂಗಾಲಿನ ನಕ್ಷೆ ಕರೆದುಕೊಳ್ಳುತ್ತದೆ. ಯುಕ್ತಿಯ ಗೌರವ ಬೇಕೆನ್ನುವುದು ಯುಕ್ತಿಯ ಪರೀಕ್ಷೆಯನ್ನೂ ತಾಳಬೇಕು. 1938ರ ಅಮೆರಿಕದ ಪುಸ್ತಕವನ್ನು ವಾಗ್ಭಟನ ಹೆಸರಿನಲ್ಲಿ ಮಾರುವುದು ಇಂಗಮ್‌ಗೂ ಅನ್ಯಾಯ, ವಾಗ್ಭಟನಿಗೂ ಅನ್ಯಾಯ.

ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟು. ಕಾಲಿಗೆ ಎಣ್ಣೆ ಹಚ್ಚುವ ವಾಡಿಕೆಯನ್ನು ಬಿಡಬೇಡಿ. ಆದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಕೈಯಿಂದ ಮುಳ್ಳುರುಳೆಯನ್ನು ತೆಗೆದಿಡಿ, ಬರಿಗಾಲಲ್ಲಿ ಬೆಣಚುಕಲ್ಲಿನ ಮೇಲೆ ನಡೆಸಬೇಡಿ. ದಿನಕ್ಕೊಮ್ಮೆ ಒಳ್ಳೆಯ ಬೆಳಕಿನಲ್ಲಿ ಅವರ ಅಂಗಾಲನ್ನೂ ಬೆರಳಸಂದಿಗಳನ್ನೂ ನೋಡಿ. ಗುಳ್ಳೆ, ಬಿರುಕು, ಕೆಂಪು, ಕಪ್ಪು ಏನೇ ಕಂಡರೂ, ಅವರಿಗೆ ನೋವಿಲ್ಲದಿದ್ದರೂ, ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ.